ಅಮ್ಮನಿಗೆ ಗೊತ್ತಿಲ್ಲದ ಕೋಳಿ

ಅಮ್ಮ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಾಗ ನನಗೆ ಇಪ್ಪತ್ತಾರು ವರ್ಷ. ಅಲ್ಲಿಯವರೆಗೆ ನಾನು ಚಹಾ ಬಿಟ್ಟು ಬೇರೇನೂ ಮಾಡಿದವಳಲ್ಲ. ಸೋಮಾರಿತನದಿಂದಲ್ಲ. ಅಮ್ಮನ ಅಡುಗೆಮನೆಗೆ ಯಾರೂ ಕಾಲಿಡುವಂತಿರಲಿಲ್ಲ. ಅಪ್ಪ ರೈಲ್ವೆಯಲ್ಲಿದ್ದರು. ಅವರಿಗೆ ಮಂಡ್ಯದ ಕಡೆಯಿಂದ ಕೋಲ್ಕತ್ತಕ್ಕೆ ವರ್ಗವಾದಾಗ ನಾನಿನ್ನೂ ಎರಡನೇ ಕ್ಲಾಸು. ಭಾಷೆ ಬಾರದ ಈ ಊರಿನಲ್ಲಿ ಅಮ್ಮನಿಗೆ ತನ್ನದು ಅಂತ ಇದ್ದದ್ದು ಆ ಒಲೆಯ ಕಟ್ಟೆಯೊಂದೇ. ಅಲ್ಲಿ ಅವಳು ಹೇಳಿದ್ದೇ ನಡೆಯಬೇಕು.

ಆರು ವಾರ ಪ್ಲಾಸ್ಟರ್ ಅಂದರು ಡಾಕ್ಟರು. ಅಪ್ಪ ಊಟದ ಕ್ಯಾರಿಯರ್ ತರಿಸೋಣ ಅಂದರು. "ಸಾಸಿವೆ ಎಣ್ಣೆ ಊಟ ಆರು ವಾರ ತಿಂದ್ರೆ ನಾನು ಕೈಯಿಂದಲ್ಲ, ಹೊಟ್ಟೆಯಿಂದ ಸಾಯ್ತೀನಿ," ಅಂದಳು ಅಮ್ಮ. ನಾನು ಮಾಡ್ತೀನಿ ಅಂದೆ. ಇಬ್ಬರೂ ನನ್ನ ಮುಖ ನೋಡಿದರು.

ಆಗ ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ನಾನು ಅಂಥದ್ದೊಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಬೆಳಿಗ್ಗೆ ಐದಕ್ಕೆ ಎದ್ದು ಅನ್ನ, ಸಾರು, ಒಂದು ಪಲ್ಯ ಮಾಡಿಟ್ಟು, ನಮ್ಮ ಮನೆಯಿದ್ದ ಸದರ್ನ್ ಅವೆನ್ಯೂವಿನಿಂದ ಎರಡು ಬಸ್ಸು ಬದಲಾಯಿಸಿ ಓಡುತ್ತಿದ್ದೆ. ಅಮ್ಮ ಅಡುಗೆಮನೆ ಬಾಗಿಲಿಗೆ ಬೆತ್ತದ ಸ್ಟೂಲ್ ಹಾಕಿಕೊಂಡು, ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು.

"ಎಣ್ಣೆ ಕಾದಿಲ್ಲ. ಆಗ್ಲೇ ಯಾಕೆ ಸಾಸಿವೆ ಹಾಕ್ದೆ?"

"ಈರುಳ್ಳಿನ ಹಂಗೆ ಹೆಚ್ಚೋದಾ? ದನಕ್ಕೆ ಹಾಕ್ತೀಯಾ?"

"ಸೌಟು ಹಿಡಿಯೋದೇ ಬರಲ್ವಲ್ಲ ನಿಂಗೆ!"

ಮೊದಲ ಭಾನುವಾರ ಕೋಳಿ ಸಾರು ಮಾಡಿದೆ. ಅವಳು ಹೇಳಿದ ಹಾಗೇ ಧನಿಯಾ ಹುರಿದೆ, ಕಾಯಿ ರುಬ್ಬಿದೆ. ಅಮ್ಮ ಎಡಗೈಯಲ್ಲಿ ಚಮಚ ಹಿಡಿದು ಒಂದು ಗುಟುಕು ಕುಡಿದು, "ಪರವಾಗಿಲ್ಲ" ಅಂತ ತಟ್ಟೆ ಸರಿಸಿದಳು. ಬೈದಿದ್ದರೆ ಎಷ್ಟೋ ಮೇಲಿತ್ತು.

ಆ ಬುಧವಾರ ಆಫೀಸಿನಿಂದ ಬಂದಾಗ ಮನೆಯಲ್ಲಿ ಬರ್ನಾಲ್ ವಾಸನೆ. ನಾನಿಲ್ಲದಾಗ ಅಮ್ಮ ಎಡಗೈಯಲ್ಲಿ ಬಾಣಲೆ ಎತ್ತಲು ಹೋಗಿ ಪಾದದ ಮೇಲೆ ಬಿಸಿ ಎಣ್ಣೆ ಚೆಲ್ಲಿಕೊಂಡಿದ್ದಳು. ನಾನು ಕೂಗಾಡಿದೆ. ಅವಳೂ ಬಿಡಲಿಲ್ಲ. "ಮತ್ತಿನ್ನೇನು ಮಾಡ್ಲಿ? ನಿನ್ನ ಕೈಲಿ ಆಗಲ್ಲ. ಆಗಲ್ಲ ಅಂದ್ರೆ ಆಗಲ್ಲ."

ಆ ಮಾತು ಎದೆಗೆ ನಾಟಿತು. ಮಾರನೇ ದಿನ ಬಸ್ಸಿನಲ್ಲಿ ನಿಂತು ಯೋಚಿಸಿದೆ. ಅಮ್ಮನ ಅಡುಗೆಯನ್ನು ನಾನು ಎಷ್ಟೇ ಚೆನ್ನಾಗಿ ಮಾಡಿದರೂ ಅದು ಅವಳದ್ದಕ್ಕಿಂತ ಒಂದು ಕೈ ಕಡಿಮೆಯೇ. ಅಳೆಯುವ ಕೋಲು ಅವಳ ಹತ್ತಿರವೇ ಇದೆ. ಹಾಗಾದರೆ ಅವಳಿಗೆ ಗೊತ್ತೇ ಇಲ್ಲದ್ದನ್ನು ಮಾಡಬೇಕು. ತಪ್ಪು ಹುಡುಕಲು ಅವಳಿಗೆ ದಾರಿಯೇ ಇರಬಾರದು. ಮತ್ತೆ ಅದು ರುಚಿಯಾಗಿರಬೇಕು.

ನನ್ನ ಪಕ್ಕದ ಸೀಟಿನಲ್ಲಿ ವಿಯೆಟ್ನಾಮಿನಿಂದ ಆರು ತಿಂಗಳ ತರಬೇತಿಗೆ ಬಂದಿದ್ದ ಹುಡುಗಿಯೊಬ್ಬಳಿದ್ದಳು. ಗೆಸ್ಟ್ ಹೌಸಿನಲ್ಲಿ ತಾನೇ ಅಡುಗೆ ಮಾಡಿಕೊಂಡು ಡಬ್ಬಿ ತರುತ್ತಿದ್ದಳು. ಒಮ್ಮೆ ಅವಳ ಡಬ್ಬಿಯಿಂದ ಒಂದು ತುಂಡು ಕೋಳಿ ತಿಂದಿದ್ದೆ. ಸಿಹಿ, ಉಪ್ಪು, ಖಾರ, ಎಲ್ಲದರ ಮೇಲೆ ನಿಂಬೆಯಂಥ ಆದರೆ ನಿಂಬೆಯಲ್ಲದ ಪರಿಮಳ. ಅದು ಮಜ್ಜಿಗೆ ಹುಲ್ಲು ಅಂತ ಆಮೇಲೆ ಗೊತ್ತಾಯಿತು. ಮಾಡೋದು ಹೇಳಿಕೊಡು ಅಂದೆ.

"ನಿನಗೆ ಅಡುಗೆ ಬರುತ್ತಾ?"

"ಇಲ್ಲ."

"ನಿಮ್ಮಮ್ಮನಿಗೆ?"

"ತುಂಬಾ ಚೆನ್ನಾಗಿ."

"ಮತ್ತೆ ಅವರನ್ನೇ ಕೇಳು."

"ಅದಕ್ಕೇ ಕೇಳಲ್ಲ," ಅಂದೆ. ಅವಳು ಜೋರಾಗಿ ನಕ್ಕಳು. ಹಳೆಯ ಪ್ರಿಂಟ್‌ಔಟಿನ ಹಿಂಬದಿಯಲ್ಲಿ ಚಿತ್ರ ಬರೆದು ಎಲ್ಲ ವಿವರಿಸಿದಳು. ಕೋಳಿಯ ತೊಡೆ ಮಾಂಸವೇ ಆಗಬೇಕು. ಸಕ್ಕರೆಯನ್ನು ಎಣ್ಣೆಯಲ್ಲಿ ಕರಗಿಸಿ ಗಟ್ಟಿ ಚಹಾದ ಬಣ್ಣಕ್ಕೆ ತರಬೇಕು. ಮೀನನ್ನು ಉಪ್ಪಿನಲ್ಲಿ ಕೊಳೆಸಿ ತೆಗೆಯುವ ಮೀನಿನ ಸಾಸ್ ಇಲ್ಲದಿದ್ದರೆ ಮಾಡಲೇಬೇಡ ಅಂದಳು.

ಮೀನಿನ ಸಾಸ್ ನನಗೆ ತಕ್ಷಣ ಸಿಗಲಿಲ್ಲ. ಹಟ ಮಾತ್ರ ಇತ್ತು. ಭಾನುವಾರ ನ್ಯೂ ಮಾರ್ಕೆಟ್ಟಿನಿಂದ ಹುಲ್ಲಿನ ಕಟ್ಟು ತಂದು ಕಟ್ಟೆಯ ಮೇಲಿಟ್ಟೆ.

ಅಮ್ಮ ಸ್ಟೂಲಿನಿಂದ ಬಗ್ಗಿ ನೋಡಿದಳು. "ಇದು ಮಜ್ಜಿಗೆ ಹುಲ್ಲಲ್ವಾ? ನೆಗಡಿಗೆ ಕಷಾಯ ಮಾಡೋದು. ಕೋಳಿಗೇನು ನೆಗಡಿಯಾ?"

ನಾನು ಹುಲ್ಲನ್ನು ಎಲೆಯ ಸಮೇತ ತುಂಡು ಮಾಡಿ ಹಾಕಿದೆ, ಮೀನಿನ ಸಾಸಿನ ಬದಲು ಉಪ್ಪು ಸುರಿದೆ. ತಿನ್ನುವಾಗ ಬಾಯಲ್ಲಿ ಪೊರಕೆ ಕಡ್ಡಿ ಅಗಿದಂತಾಯಿತು. ಅಪ್ಪ ಊಟವಾದ ಮೇಲೆ ಅರ್ಧ ಗಂಟೆ ಕಿಟಕಿಗೆ ಮುಖ ಮಾಡಿ ಹಲ್ಲಿನಿಂದ ನಾರು ಕೀಳುತ್ತಿದ್ದರು. ಅಮ್ಮ ಮಾತ್ರ ಏನೂ ಹೇಳಲಿಲ್ಲ. ಹೇಗಿರಬೇಕು ಅಂತ ಗೊತ್ತಿದ್ದರೆ ತಾನೆ, ಹೇಗಿಲ್ಲ ಅಂತ ಹೇಳೋದು? ನಾನು ಬಯಸಿದ್ದು ಅದೇ ಮೌನ. ಆದರೆ ಗೆದ್ದ ಹಾಗೆ ಅನ್ನಿಸಲೇ ಇಲ್ಲ.

ಸೋಮವಾರ ಆಫೀಸಿನಲ್ಲಿ ಆ ವಿಯೆಟ್ನಾಂ ಗೆಳತಿಗೆ ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು. ಕಾಂಡದ ಕೆಳಗಿನ ಬಿಳಿ ಭಾಗ ಮಾತ್ರ, ಹೊರಗಿನ ಎರಡು ಪದರ ಸುಲಿದು, ಚಾಕುವಿನ ಬೆನ್ನಿನಿಂದ ಜಜ್ಜಿ, ಆಮೇಲೆ ಮರಳಿನ ಹಾಗೆ ಸಣ್ಣಗೆ ಕೊಚ್ಚಬೇಕಂತೆ. ಶನಿವಾರ ನನ್ನನ್ನು ಟೆರಿಟಿ ಬಜಾರಿನ ಹಳೇ ಚೀನೀ ಅಂಗಡಿಗೆ ಕರೆದುಕೊಂಡು ಹೋಗಿ ಒಂದು ಬಾಟಲಿ ಮೀನಿನ ಸಾಸ್ ಕೊಡಿಸಿದಳು.

ಎರಡನೇ ಸಲ ಸಕ್ಕರೆ ಸೀದುಹೋಯಿತು. ಹುಲ್ಲು ಕೊಚ್ಚುತ್ತಾ ಮೈಮರೆತಿದ್ದೆ. ಬಾಣಲೆಯಿಂದ ಕಪ್ಪು ಹೊಗೆ ಎದ್ದಿತು. ಗಾಬರಿಯಲ್ಲಿ ಮೀನಿನ ಸಾಸ್ ಬಾಟಲಿಗೆ ಕೈ ತಾಗಿ ಕಟ್ಟೆಯ ತುಂಬ ಚೆಲ್ಲಿತು. ಮೇಲಿನ ಮನೆಯ ಬಂಗಾಳಿ ಹೆಂಗಸು ಇಳಿದು ಬಂದು, ಒಣಮೀನು ಮಾಡ್ತಿದ್ದೀರಾ ಅಂತ ಆಸೆಯಿಂದ ಕೇಳಿದಳು. ಬಾಣಲೆಯ ತಳಕ್ಕೆ ಡಾಂಬರು ಬಳಿದಂತೆ ಅಂಟಿಕೊಂಡಿತ್ತು. ಅಮ್ಮ ಸ್ಟೂಲಿನಿಂದ ಅರ್ಧ ಎದ್ದಿದ್ದಳು. ಎಡಗೈ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ಮತ್ತೆ ನಿಧಾನಕ್ಕೆ ಕೂತಳು.

"ಇವತ್ತಿಗೆ ಬಿಡು ಮಗ," ಅಂದಳು. ದನಿಯಲ್ಲಿ ಕುಹಕ ಇರಲಿಲ್ಲ.

"ಬಿಡಲ್ಲ. ಮುಂದಿನ ಭಾನುವಾರ ಮತ್ತೆ ಮಾಡ್ತೀನಿ."

ಬಾಣಲೆಯನ್ನು ಎರಡು ದಿನ ನೆನೆಹಾಕಿ ತಿಕ್ಕಿದೆ. ಉಗುರು ಸವೆದವು. ಆ ವಾರ ಆಫೀಸಿನಲ್ಲಿ ಕೆಲಸದ ಒತ್ತಡ ಕುತ್ತಿಗೆಯವರೆಗೆ ಬಂದಿತ್ತು. ಮೀಟಿಂಗಿನಲ್ಲಿ ಕೂತಾಗಲೂ ನನ್ನ ತಲೆಯಲ್ಲಿ ಸಕ್ಕರೆ ಕರಗುತ್ತಿತ್ತು. ಶನಿವಾರವೇ ಹುಲ್ಲು ಸುಲಿದು, ಜಜ್ಜಿ, ಕೊಚ್ಚಿ, ಬೆಳ್ಳುಳ್ಳಿ, ಅರಿಶಿನ, ಮೆಣಸಿನಕಾಯಿ, ಬಾಟಲಿಯಲ್ಲಿ ಉಳಿದಿದ್ದ ಸಾಸ್ ಎಲ್ಲ ಸೇರಿಸಿ ಕೋಳಿಗೆ ಸವರಿ ಫ್ರಿಜ್ಜಿನಲ್ಲಿಟ್ಟೆ.

ಭಾನುವಾರ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅಮ್ಮ ಕೇಳಿದಳು, "ಆ ಸಕ್ಕರೆ ಯಾವ ಬಣ್ಣಕ್ಕೆ ಬರಬೇಕು?"

ಹುಟ್ಟಿದಾಗಿನಿಂದ ಅಡುಗೆಯ ವಿಷಯಕ್ಕೆ ಅಮ್ಮ ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

"ಗಟ್ಟಿ ಚಹಾದ ಬಣ್ಣಕ್ಕೆ."

"ಹಾಲು ಹಾಕಿದ್ದಾ, ಹಾಕದೇ ಇದ್ದದ್ದಾ?"

"ಹಾಕದೇ ಇದ್ದದ್ದು."

"ಸರಿ. ನೀನು ಈರುಳ್ಳಿ ನೋಡ್ಕೋ. ಸಕ್ಕರೆ ನಾನು ನೋಡ್ತೀನಿ."

ಸ್ಟೂಲನ್ನು ಕಾಲಿನಿಂದ ಒಲೆಯ ಹತ್ತಿರಕ್ಕೆ ತಳ್ಳಿಕೊಂಡು ಕೂತಳು. ಕಣ್ಣು ಮಿಟುಕಿಸದೆ ನೋಡಿದಳು. ಹಳದಿ ಜೇನಿನ ಬಣ್ಣವಾಯಿತು, ಜೇನು ಕೆಂಪಾಯಿತು. ನಾನು ಕೈ ಚಾಚಿದೆ. "ತಡಿ," ಅಂದಳು. ನಾನಾಗಿದ್ದರೆ ಆಗಲೇ ಹಾಕಿಬಿಡುತ್ತಿದ್ದೆ. ಎಣ್ಣೆಯ ಅಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದವು. "ಈಗ! ಹಾಕು ಹಾಕು ಹಾಕು!"

ಕೋಳಿ ಚುಂಯ್ ಅಂದಿತು. ಮನೆಯೆಲ್ಲ ಆ ಪರಿಮಳ ಹಬ್ಬಿತು, ಗೆಳತಿಯ ಡಬ್ಬಿ ತೆರೆದಾಗ ಬರುತ್ತಿದ್ದ ಅದೇ ಪರಿಮಳ. ನನ್ನ ಕಣ್ಣು ತುಂಬಿತು. ಈರುಳ್ಳಿ ಅಂತ ಮುಖ ತಿರುಗಿಸಿದೆ.

ಊಟಕ್ಕೆ ಕೂತಾಗ ಅಮ್ಮ ಚಮಚ ಪಕ್ಕಕ್ಕಿಟ್ಟಳು. ಎಡಗೈಯಲ್ಲಿ ತಿನ್ನಬಾರದು ಅಂತ ಅಷ್ಟು ದಿನ ಚಮಚವನ್ನೇ ಹಿಡಿದು ಒದ್ದಾಡಿದವಳು. ಆ ದಿನ ಎಡಗೈ ಬೆರಳಲ್ಲೇ ಮೂಳೆ ಹಿಡಿದು ಚೀಪಿದಳು. "ಇನ್ನೊಂದು ಚೂರು ಖಾರ ಬೇಕು," ಅಂದಳು. ಅಪ್ಪ ಮೂರನೇ ಸಲ ಅನ್ನ ಹಾಕಿಸಿಕೊಂಡರು.

ಗೆಳತಿ ಊರಿಗೆ ಹೊರಡುವ ಮುಂಚಿನ ಭಾನುವಾರ ನಮ್ಮ ಮನೆಗೆ ಬಂದಳು. ಅಷ್ಟರಲ್ಲಿ ಪ್ಲಾಸ್ಟರ್ ಬಿಚ್ಚಿದ್ದರು. ಅಮ್ಮ ಪಟ್ಟು ಹಿಡಿದು ಮುದ್ದೆ ಕಟ್ಟಿದಳು, ನಾನು ಕೋಳಿ ಮಾಡಿದೆ. ಗೆಳತಿ ಮುದ್ದೆಯನ್ನು ಅಗಿಯಲು ಹೋಗಿ ಹಲ್ಲಿಗೆಲ್ಲ ಮೆತ್ತಿಕೊಂಡಳು. ಅಮ್ಮ ಒಂದು ತುತ್ತು ಮುರಿದು, ರಸದಲ್ಲಿ ಅದ್ದಿ, ನುಂಗಿ ತೋರಿಸಿದಳು. ಇಬ್ಬರಿಗೂ ಬರುವ ಭಾಷೆ ಒಂದೂ ಇರಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಕೋಳಿ ಹೇಗಿದೆ ಅಂತ ಕೇಳಿದೆ. ಅವಳು ನಿಧಾನಕ್ಕೆ ತಿಂದು ಹೇಳಿದಳು, "ನಮ್ಮಮ್ಮ ಮಾಡೋ ಥರ ಇಲ್ಲ. ಖಾರ ಜಾಸ್ತಿ. ಆದ್ರೆ ಇದು ನಿಜವಾಗ್ಲೂ ನಮ್ಮೂರ ಅಡುಗೆನೇ."

ಅಮ್ಮನ ಮಣಿಕಟ್ಟು ಮತ್ತೆ ಪೂರ್ತಿ ಬಗ್ಗಲಿಲ್ಲ. ಭಾರದ ಪಾತ್ರೆ ಎತ್ತಲು ಆಗುತ್ತಿರಲಿಲ್ಲ, ರುಬ್ಬುವ ಕಲ್ಲಿನ ಹತ್ತಿರ ಹೋಗುತ್ತಿರಲಿಲ್ಲ. ಬೆಳಗಿನ ಅಡುಗೆ ನನ್ನದಾಯಿತು, ಸಂಜೆಯದು ಅವಳದು, ಭಾನುವಾರ ಇಬ್ಬರದೂ. ನಮ್ಮ ಆ ಪುಟ್ಟ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೊಣಕೈಗೆ ಮೊಣಕೈ ತಾಗಿ ದಿನಾ ಜಗಳ. ಕೊನೆಗೊಂದು ದಿನ ಅಪ್ಪ ಬೇಸತ್ತು, ಯಾರನ್ನೂ ಕೇಳದೆ, ಫ್ರಿಜ್ಜನ್ನು ಅಲ್ಲಿಂದ ತಳ್ಳಿಕೊಂಡು ಬಂದು ನಡುಮನೆಯಲ್ಲಿ ಟಿವಿಯ ಪಕ್ಕ ನಿಲ್ಲಿಸಿದರು.