ಮೂವತ್ತೆರಡು ಹೆಬ್ಬೆಟ್ಟು

ಸಿರುಗುಪ್ಪದ ಕಲಾಯಿ ಇಮಾಮಸಾಬರ ಮಗಳು ನೂರಜಹಾನ್ ಹಟಮಾರಿ ಎಂಬುದು ಓಣಿಗೆಲ್ಲ ಗೊತ್ತಿದ್ದ ಮಾತು. ಏಳನೇ ಕ್ಲಾಸಿಗೆ ಶಾಲೆ ಸಾಕು ಎಂದು ಮನೆಯ ಹಿರಿಯರು ತೀರ್ಮಾನಿಸಿದಾಗ ಅವಳು ಅಳಲಿಲ್ಲ, ವಾದಿಸಲಿಲ್ಲ. ಮರುದಿನ ಬೆಳಿಗ್ಗೆ ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು, ಅದರ ಮರುದಿನವೂ ಹೊರಟಳು. ಬೈದು ಬೈದು ಹಿರಿಯರಿಗೇ ಸಾಕಾಯಿತು. ಇಮಾಮಸಾಬರು ತಾಮ್ರ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವರು. ತಿದಿ ಒತ್ತಿ, ನವಸಾಗರದ ಹೊಗೆ ಕುಡಿದು ಅವರ ಎದೆ ಸದಾ ಗೊರಗೊರ ಅನ್ನುತ್ತಿತ್ತು. "ನೀ ಟೀಚರ್ ಆದ ದಿನ ತಿದಿ ಕೆಳಗಿಡ್ತೀನಿ ನೋಡವ್ವ" ಎಂದು, ಹತ್ತನೆಯ ಕ್ಲಾಸು ಮುಗಿಸಿದ ಮಗಳನ್ನು ಬಳ್ಳಾರಿಯ ಬಸ್ಸು ಹತ್ತಿಸಿದರು. ಅದು ೧೯೭೭ರ ಮಾತು. ಟಿ.ಸಿ.ಎಚ್. ಎಂಬ ಶಿಕ್ಷಕರ ತರಬೇತಿ ಎಂದರೆ ಎರಡು ವರ್ಷ. ಎರಡೇ ವರ್ಷ ತಾನೆ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಳೆಯುತ್ತದೆ ಎಂದುಕೊಂಡಿದ್ದಳು.

ಎರಡನೆಯ ವರ್ಷ ಉಜ್ಜಿನಪ್ಪ ಮೇಷ್ಟ್ರು 'ಸಂಸ್ಕೃತಿ ಮತ್ತು ಸಂವಹನ' ಎಂಬ ವಿಷಯ ಕೊಟ್ಟರು. ಮೂರು ಮೂರು ಮಂದಿ ಗುಂಪಾಗಿ ಒಂದೂರಿಗೆ ಹೋಗಬೇಕು, ಓದು ಬಾರದ ಹೆಂಗಸರನ್ನು ಕರೆದು ಅಕ್ಷರ ಕಲಿಸಬೇಕು, ಬಂದವರ ಹೆಸರು ಬರೆದು ಹೆಬ್ಬೆಟ್ಟು ಒತ್ತಿಸಿದ ರಿಜಿಸ್ಟರ್ ಒಪ್ಪಿಸಬೇಕು, ಆಮೇಲೆ ಕಾಲೇಜಿನಲ್ಲಿ ಎಲ್ಲರೆದುರು ನಿಂತು ಹೇಗೆ ಕರೆದೆವು, ಏನು ಕಲಿತೆವು ಎಂದು ಹೇಳಬೇಕು. ಇದರಲ್ಲಿ ಪಾಸಾಗದವರಿಗೆ ಸರ್ಟಿಫಿಕೇಟು ಇಲ್ಲ. ನೂರಜಹಾನಳ ಗುಂಪಿಗೆ ಕುರುಗೋಡು ಬಂತು. ಜೊತೆಗಿದ್ದವಳು ಹಾಸ್ಟೆಲ್ ಗೆಳತಿ ಪಾರಮ್ಮ. ಮುಂದಾಳು ಜಂಬಣ್ಣ, ಬಳ್ಳಾರಿಯ ಹತ್ತಿ ವ್ಯಾಪಾರಿಯ ಮಗ. ಅವನ ಬಾಯಲ್ಲಿ ಪುಸ್ತಕದ ಕನ್ನಡ ಪುಂಖಾನುಪುಂಖವಾಗಿ ಬರುತ್ತಿತ್ತು. ಇಬ್ಬರೂ ಹುಡುಗಿಯರು ಅವನ ಮಾತು ಕೇಳಿಯೇ ಅರ್ಧ ಪಾಸಾದೆವು ಎಂದುಕೊಂಡರು.

ಜಂಬಣ್ಣ ಕುರುಗೋಡಿನ ತಳವಾರ ಸುಂಕಣ್ಣನಿಗೆ ಹೇಳಿ ಡಂಗುರ ಹೊಡೆಸಿದ. "ಕೇಳ್ರಪ್ಪೋ ಕೇಳ್ರಿ! ನಾಳೆ ಮೂರು ಗಂಟಿಗೆ ಹೆಂಗಸ್ರೆಲ್ಲ ಗುಡಿ ಕಟ್ಟಿಗೆ ಬರಬೇಕಂತ್ರಪ್ಪೋ!" ಮರುದಿನ ಮೂವರೂ ಸ್ಲೇಟು, ಬಳಪ ಹರಡಿಕೊಂಡು ಕಟ್ಟೆಯ ಮೇಲೆ ಕೂತರು. ಬಂದದ್ದು ಎರಡು ಆಡು. ಸ್ವಲ್ಪ ಹೊತ್ತಿಗೆ ಒಬ್ಬ ಮುದುಕ ಬಂದು, "ಸೀಮಿಎಣ್ಣಿ ಕೊಡ್ತೀರೇನ್ರಿ?" ಎಂದು ವಿಚಾರಿಸಿ ಹೋದ. "ಊರಿಗೆ ಬಂದಾಕಿ ನೀರಿಗೆ ಬರದಿರ್ತಾಳೇನ್ರಿ? ಬರ್ತಾರ ಬಿಡ್ರಿ" ಎಂದ ಜಂಬಣ್ಣ. ಮೂರು ವಾರ ಮೂರು ಸಲ ಡಂಗುರ ಬಿತ್ತು. ಒಂದು ಸೆರಗೂ ಆ ಕಡೆ ಸುಳಿಯಲಿಲ್ಲ.

ರಿಜಿಸ್ಟರ್ ಒಪ್ಪಿಸುವ ದಿನ ಹತ್ತಿರ ಬಂದಾಗ ಜಂಬಣ್ಣ ಮತದಾರರ ಪಟ್ಟಿ ತಂದು ಮೂವತ್ತೆರಡು ಹೆಂಗಸರ ಹೆಸರು ಇಳಿಸಿಕೊಂಡ. ಮಸಿಯ ಡಬ್ಬಿಯನ್ನೂ ತಂದಿದ್ದ. ಪ್ರತಿ ಹೆಸರಿನ ಮುಂದೆ ಒಂದೊಂದು ಗುರುತು ಒತ್ತಿದರಾಯಿತು, ಹೆಬ್ಬೆಟ್ಟು ಯಾರದೆಂದು ಯಾರು ನೋಡುತ್ತಾರೆ? ನೂರಜಹಾನಳಿಗೆ ಬೇಡವೆನಿಸಿತು. ಆದರೆ ಅಪ್ಪನ ಕೆಮ್ಮು ನೆನಪಾಯಿತು. ಒಂದು ವರ್ಷ ತಡವಾದರೆ ಅಪ್ಪ ಒಂದು ವರ್ಷ ಹೆಚ್ಚಿಗೆ ಹೊಗೆ ಕುಡಿಯಬೇಕು. ಬೆರಳು ಮುಂದೆ ಚಾಚಿದಳು. ಮೂವರ ಬೆರಳು ಸೇರಿದರೆ ಮೂವತ್ತು. ಎರಡು ಕಡಿಮೆ ಬಿದ್ದವು. ಜಂಬಣ್ಣ ತನ್ನ ಹೆಬ್ಬೆಟ್ಟನ್ನೇ ಇನ್ನೆರಡು ಸಲ ಒತ್ತಿ ಲೆಕ್ಕ ಸರಿಮಾಡಿದ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ, ಇವರದ್ದು ಬರೀ ಮಸಿ.

ಅಂದಿನಿಂದ ಅವಳಿಗೆ ಊಟ ರುಚಿಸಲಿಲ್ಲ. ನಿಜವಾದ ಒಬ್ಬ ಹೆಂಗಸಿನ ಹೆಬ್ಬೆಟ್ಟನ್ನಾದರೂ ಒತ್ತಿಸಿಕೊಂಡು ಬಂದರೆ ಸುಳ್ಳು ಅಷ್ಟರಮಟ್ಟಿಗೆ ತೆಳ್ಳಗಾದೀತು ಎಂದು ಲೆಕ್ಕ ಹಾಕಿದಳು. ಭಾನುವಾರ ರಿಜಿಸ್ಟರನ್ನು ಚೀಲದಲ್ಲಿಟ್ಟುಕೊಂಡು ಒಬ್ಬಳೇ ಕುರುಗೋಡಿನ ಬಸ್ಸು ಹತ್ತಿದಳು. ತಾನು ಬೆರಳೊತ್ತಿದ ಹೆಸರುಗಳಲ್ಲಿ ಮೊದಲನೆಯದು ಕೊಟ್ರಮ್ಮ. ವಿಚಾರಿಸಿ ಮನೆ ಹುಡುಕಿದಳು. ನಲವತ್ತೈದರ ಗಟ್ಟಿ ಹೆಂಗಸು, ಹಣೆಯ ತುಂಬ ವಿಭೂತಿ, ನಡುವೆ ಕಾಸಗಲ ಕುಂಕುಮ, ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದಳು.

ನೂರಜಹಾನ್ ತಾನು ಯಾರೆಂದು ಹೇಳಿ, ರಿಜಿಸ್ಟರ್ ಬಿಚ್ಚಿ, ಇಲ್ಲೊಂದು ಹೆಬ್ಬೆಟ್ಟು ಒತ್ತಿರಿ ಯಕ್ಕಾ ಎಂದಳು.

"ಇದು ಯಾರ ಹೆಸರು?"

"ನಿಮ್ದ ಐತ್ರಿ."

"ಮತ್ತ ಆಗಲೇ ಒಂದು ಗುರುತು ಐತಲ್ಲ. ಯಾರು ಒತ್ತಿದ್ರು?"

ನೂರಜಹಾನ್ ತಲೆ ತಗ್ಗಿಸಿದಳು. "ನಾ ಒತ್ತೀನ್ರಿ."

ಕೊಟ್ರಮ್ಮ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ನಾ ಹುಟ್ಟಿದಾಗಿಂದ ಒಂದ ಸಲ ಹೆಬ್ಬೆಟ್ಟು ಒತ್ತೀನವ್ವ. ನನ್ನ ತಮ್ಮ ಬಂದು, ಯಕ್ಕಾ, ರೇಷನ್ ಕಾರ್ಡಿಗೆ ಬೇಕು ಅಂದ. ಒತ್ತಿದೆ. ತವರಿನ ನಾಲ್ಕು ಎಕರೆ ಎರಿ ಹೊಲ ಅವನ ಪಾಲಾತು. ನೀ ನನ್ನ ಕೇಳದಂಗ ಒತ್ತೀದಿ. ಅವನು ಕೇಳೇರ ಕೇಳಿದ್ದ."

ಆ ಮಾತು ನಾಟಿದ ಹಾಗೆ ಯಾವ ಮೇಷ್ಟರ ಬೈಗುಳವೂ ಅವಳಿಗೆ ನಾಟಿರಲಿಲ್ಲ. ಆದರೂ ಏಳಲಿಲ್ಲ, ಹಟಮಾರಿಯಲ್ಲವೇ. ರಿಜಿಸ್ಟರ್ ಮುಚ್ಚಿ ಕೇಳಿದಳು. "ತಪ್ಪಾತ್ರಿ ಯಕ್ಕಾ. ಒಂದ ಹೇಳ್ರಿ. ಮೂರು ಸಲ ಕರದ್ವಿ. ಯಾರೂ ಯಾಕ ಬರಲಿಲ್ಲ?"

ಕೊಟ್ರಮ್ಮನಿಗೆ ಸಿಟ್ಟಿನಲ್ಲೂ ನಗು ಬಂತು. "ಎಲ್ಲಿ ಕರದ್ರಿ? ಡಂಗುರ ಹೊಡೆಸಿದ್ರಿ. ಡಂಗುರ ಹೊಡಿಯೋದು ಕಂದಾಯಕ್ಕ, ಕಾಲುವಿ ನೀರಿಗೆ, ತಪ್ಪಿಸಿಗೊಂಡ ಎಮ್ಮಿಗೆ. ಮಾನವಂತ ಹೆಣ್ಮಕ್ಳನ್ನ ಓಣ್ಯಾಗ ನಿಂತು ಹಲಗಿ ಬಡದು ಕರೀತಾರೇನು? ಮನಿಗೆ ಬರಬೇಕು, ಕುಂಕುಮ ಹಚ್ಚಬೇಕು, ಅತ್ತಿಗೂ ಸೊಸಿಗೂ ಬ್ಯಾರೆ ಬ್ಯಾರೆ ಹೇಳಬೇಕು. ಅದು ಕರಿಯೋದು."

"ನಾ ಕುಂಕುಮ ಹೆಂಗ ಹಚ್ಲಿ ಯಕ್ಕಾ? ನಾ ಇಮಾಮಸಾಬರ ಮಗಳು."

"ಹಚ್ಚಾಕ ನಾ ಇಲ್ಲೇನು? ನೀ ಬಾಯ್ಲೆ ಕರಿ. ನಡಿ."

ಆ ಮಧ್ಯಾಹ್ನ ಇಬ್ಬರೂ ಇಪ್ಪತ್ತು ಮನೆ ತಿರುಗಿದರು. ಕೊಟ್ರಮ್ಮ ಬಟ್ಟಲು ಹಿಡಿದು ಕುಂಕುಮ ಹಚ್ಚುವಳು. ನೂರಜಹಾನ್ ಹೊಸ್ತಿಲಲ್ಲಿ ನಿಂತು, "ನಿಮ್ಮನ್ನ ಕರಿಯಾಕ ಬಂದೀನ್ರಿ, ಬುಧವಾರ ಕೊಟ್ರಮ್ಮಕ್ಕನ ಮನಿಗೆ ಬರ್ರಿ" ಅನ್ನುವಳು. ಪುಸ್ತಕದಲ್ಲಿ ಹತ್ತು ಪುಟ ಓದಿದರೂ ತಿಳಿಯದ ಸಂವಹನ ಹತ್ತನೆಯ ಮನೆಗೆ ಬರುವಷ್ಟರಲ್ಲಿ ತಿಳಿಯಿತು. ಬುಧವಾರ ಏಳು ಮಂದಿ ಬಂದರು. ಮೂಗಿನ ಮೇಲೆ ಬೆರಳಿಟ್ಟುಕೊಂಡು ನಗುತ್ತ, ಒಬ್ಬರನ್ನೊಬ್ಬರು ನೂಕುತ್ತ ಬಳಪ ಹಿಡಿದರು.

ಸುದ್ದಿ ಕೇಳಿ ಜಂಬಣ್ಣ ಹಿಗ್ಗಿದ. "ನೋಡ್ರಿ, ಏಳು ಮಂದಿ ಬಂದ್ರಲ್ಲ! ಏಳಕ್ಕೂ ಮೂವತ್ತೆರಡಕ್ಕೂ ಏನು ಭಾಳ ಫರಕು? ಸುಮ್ನ ಇರ್ರಿ."

ಶನಿವಾರ ಅವಳು ಸಿರುಗುಪ್ಪಕ್ಕೆ ಹೋಗಿ ಅಪ್ಪನ ಮುಂದೆ ಎಲ್ಲ ಹೇಳಿದಳು. ನಿಜ ಹೇಳಿದರೆ ಫೇಲಾಗುತ್ತೇನೆ, ನೀನು ಇನ್ನೊಂದು ವರ್ಷ ತಿದಿ ಒತ್ತಬೇಕಾಗುತ್ತದೆ ಎಂದಳು. ಇಮಾಮಸಾಬರು ಕೆಂಡದಿಂದ ತಾಮ್ರದ ಚರಿಗೆ ಎತ್ತಿ, ಕೆಮ್ಮಿ, ಉಗುಳಿ ಬಂದು ಕೂತರು. "ಒಳಗಿನ ಕಿಲುಬು ತಿಕ್ಕದಂಗ ಕಲಾಯಿ ಹಚ್ಚಿದ್ರ ಪಾತ್ರಿ ಹೊಳಿತೈತಿ. ಅದರಾಗ ಸಾರು ಉಂಡೋರು ಹಾಸಿಗಿ ಹಿಡೀತಾರ. ನನ್ನ ಕೆಮ್ಮು ನಂದವ್ವ. ಅದನ್ನ ನಿನ್ನ ಸುಳ್ಳಿಗೆ ನೆಪ ಮಾಡಬ್ಯಾಡ."

ಕಾಲೇಜಿನಲ್ಲಿ ಎಲ್ಲರೆದುರು ಹೇಳುವ ದಿನ ಬಂತು. ದೊಡ್ಡ ಕೋಣೆಯಲ್ಲಿ ಅರವತ್ತು ಮಂದಿ, ಮುಂದಿನ ಕುರ್ಚಿಯಲ್ಲಿ ಉಜ್ಜಿನಪ್ಪ ಮೇಷ್ಟ್ರು. ಜಂಬಣ್ಣ ಕಾಲು ಗಂಟೆ ಮಾತಾಡಿದ. ಡಂಗುರವೆಂಬುದು ಪ್ರಾಚೀನ ಸಮೂಹ ಮಾಧ್ಯಮ, ಗ್ರಾಮೀಣ ಮಹಿಳೆಯರು ತಂಡೋಪತಂಡವಾಗಿ ಆಗಮಿಸಿದರು, ಇತ್ಯಾದಿ. ಚಪ್ಪಾಳೆ ಬಿತ್ತು. ನೂರಜಹಾನಳಿಗೆ ಒಪ್ಪಿಸಿದ್ದ ಕೆಲಸ ಚಾರ್ಟು ಹಿಡಿದು ನಿಲ್ಲುವುದು. ಚಾರ್ಟನ್ನು ಮಡಿಚಿ ಮೇಜಿನ ಮೇಲಿಟ್ಟಳು. ಮೇಷ್ಟ್ರ ಕಡೆ ತಿರುಗಿದಳು.

"ಸರ್, ಡಂಗುರಕ್ಕೆ ಒಬ್ಬರೂ ಬರಲಿಲ್ಲ. ಈ ರಿಜಿಸ್ಟರಿನ ಗುರುತುಗಳು ಕುರುಗೋಡಿನವರದಲ್ಲ. ಮೊದಲ ಹತ್ತು ನನ್ನವು."

ಆಮೇಲೆ ಕುಂಕುಮದ ಬಟ್ಟಲಿನ ಕಥೆಯನ್ನೂ ಬಂದ ಏಳು ಹೆಂಗಸರ ಹೆಸರನ್ನೂ ಹೇಳಿದಳು. ಪಾರಮ್ಮ ಒಂದು ಸಲ ಜಂಬಣ್ಣನ ಮುಖ, ಒಂದು ಸಲ ಗೆಳತಿಯ ಮುಖ ನೋಡಿ, "ಆಮೇಲಿನ ಹತ್ತು ನನ್ನವು ಸರ್" ಎಂದಳು. ಜಂಬಣ್ಣ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಎರಡೂ ಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿದ.

ಉಜ್ಜಿನಪ್ಪ ಮೇಷ್ಟ್ರು ಬಹಳ ಹೊತ್ತು ರಿಜಿಸ್ಟರ್ ನೋಡಿದರು. "ಯಾರೂ ಬರಲಿಲ್ಲ ಅಂತ ಖಾಲಿ ಹಾಳೆ ತಂದಿದ್ದರೂ ನಾನು ಪಾಸು ಮಾಡ್ತಿದ್ದೆ. ಈಗ ಆಗೋದಿಲ್ಲ" ಎಂದರು. ಮೂವರಿಗೂ ಸೊನ್ನೆ. ಮುಂದಿನ ವರ್ಷ ಮತ್ತೆ ಮಾಡಬೇಕು.

ಖಾಲಿ ಹಾಳೆಯ ಮಾತು ನೂರಜಹಾನಳನ್ನು ಬಹಳ ಸುಟ್ಟಿತು. ಜಂಬಣ್ಣ ಮಾತು ಬಿಟ್ಟ. ಹಾಸ್ಟೆಲಿನಲ್ಲಿ ಕೆಲವರು, ದೊಡ್ಡ ಸತ್ಯವಂತೆ ಎಂದು ಆಡಿಕೊಂಡರು. ಅಪ್ಪನಿಗೆ ಕಾಗದ ಬರೆದು ಅಂಚೆ ಡಬ್ಬಿಗೆ ಹಾಕುವಾಗ ಕಣ್ಣಲ್ಲಿ ನೀರು ಬಂತು. ಮರುವರ್ಷ ಪಾಸಾಗಿ ತೆಕ್ಕಲಕೋಟೆಯಲ್ಲಿ ಕೆಲಸ ಸಿಕ್ಕಿತು, ತಿದಿ ಕೆಳಗಿಳಿಯಿತು, ಅದೆಲ್ಲ ಆಮೇಲಿನ ಮಾತು. ಆ ವಾರ ಮಾತ್ರ ಅವಳ ಕೈಯಲ್ಲಿ ಸೊನ್ನೆ ಬಿಟ್ಟರೆ ಏನೂ ಇರಲಿಲ್ಲ. ಆದರೂ ಬುಧವಾರ ಬಂದಾಗ ಕುರುಗೋಡಿನ ಬಸ್ಸು ಹತ್ತಿದಳು.

ಕೊಟ್ರಮ್ಮ ಬಾಗಿಲಲ್ಲೇ ಇದ್ದಳು. "ಯಾಕ ಮಾರಿ ಸಣ್ಣ ಮಾಡೀದಿ?"

"ಫೇಲಾದ್ನಿ ಯಕ್ಕಾ. ಇನ್ನೊಂದು ವರ್ಷ ಓದಬೇಕು."

"ಯಾಕ ಫೇಲ್ ಮಾಡಿದ್ರು?"

"ಆ ಹೆಬ್ಬೆಟ್ಟು ನಿಮ್ಮದಲ್ಲ, ನಂದು ಅಂತ ಎಲ್ಲಾರ ಮುಂದ ಹೇಳಿದೆ. ಅದಕ್ಕ."

ಕೊಟ್ರಮ್ಮ ಮೆಣಸಿನಕಾಯಿಯ ಘಾಟಿಗೋ ಏನೋ, ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನನ್ನ ತಮ್ಮ ಒತ್ತಿಸಿಗೊಂಡು ಹನ್ನೊಂದು ವರ್ಷ ಆತು, ತಪ್ಪಾತು ಅಂತ ಇನ್ನಾ ಹೇಳಿಲ್ಲ" ಎಂದಳು. ಆಮೇಲೆ ನೂರಜಹಾನಳ ಕೈಯಿಂದ ಸ್ಲೇಟಿನ ಚೀಲ ಇಸಿದುಕೊಂಡು ಒಳಗೆ ನಡೆದಳು. "ಬಾ, ಎಲ್ಲಾರೂ ಕುಂತಾರ. ಒಂದು ವರ್ಷ ಅಂದ್ರ ಛಲೋನ ಆತು ಬಿಡು. ನಾವು ಇನ್ನಾ 'ಗ' ದಾಟಿಲ್ಲ."