ವಾಪಸ್ ಬಾರದ ಮೇಲ್

ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ಎಸ್‌ಟಿಡಿ ಬೂತ್ ಇಟ್ಟಿದ್ದ ಮುನಿರತ್ನಮ್ಮ ಗಂಡ ಸತ್ತ ಮೇಲೂ ಯಾರ ಮುಂದೆಯೂ ಕೈಚಾಚದೆ ಬದುಕಿದವಳು. ಪಕ್ಕದ ಸೈಕಲ್ ಅಂಗಡಿ ನನ್ನದು. ಕ್ಯಾಸಂಬಳ್ಳಿ ಕಡೆಯವರು ಫೋನು ಹಿಡಿದು ಅತ್ತರೆ ತಾನೂ ಅಳುವಳು, ಸುಮ್ಮನೆ ಹರಟಿದರೆ ಬೈದು ಎಬ್ಬಿಸುವಳು. ತೊಂಬತ್ತೊಂಬತ್ತರಲ್ಲಿ ಅವಳು ಕಂಪ್ಯೂಟರ್ ತರಿಸಿದಾಗ ನಾವೆಲ್ಲ ನಕ್ಕಿದ್ದೆವು.

ಅದನ್ನು ಕೂಡಿಸಲು ಬೆಂಗಳೂರಿನಿಂದ ಬಂದವನು ಅವಸರದಲ್ಲಿ ಪಾಠ ಹೇಳಿ ಹೋದ. ಇಮೇಲ್ ವಿಳಾಸದಲ್ಲಿ ಮೊದಲಿಗೆ ಬರುವುದು ಆಳಿನ ಹೆಸರು. 'ಅಟ್' ಗುರುತಿನ ಆಚೆಗಿರುವುದು ಡೊಮೇನ್, ಅಂದರೆ ಊರಿದ್ದ ಹಾಗೆ. ಊರು ತಪ್ಪಿದರೆ ಮೇಲ್ ವಾಪಸ್ ಬರುತ್ತದೆ ಎಂದ. ಅರ್ಧ ಹೇಳಿ ರೈಲು ಹತ್ತಿದ ಆ ಮಹಾನುಭಾವನ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನ ಕುಪ್ಪುಸ್ವಾಮಿಯ ಎದೆಯನ್ನು ಗಣಿಯ ಧೂಳು ತಿಂದು ಹಾಕಿತ್ತು. ಅವನ ಒಬ್ಬಳೇ ಮಗಳು ಅಮುದಾ ಒಮಾನ್ ದೇಶದಲ್ಲಿ ಕಸ ಗುಡಿಸುವ ಕಂಪನಿಯೊಂದರಲ್ಲಿದ್ದಳು. ಅಲ್ಲಿ ಕೆಲಸದವರನ್ನು ಫೋನಿಗೆ ಕರೆಯುವುದಿಲ್ಲ, ಆಫೀಸಿಗೆ ಮೇಲ್ ಬಂದರೆ ಓದಿ ಹೇಳುತ್ತಾರೆ ಎಂದು ಅವಳೇ ಒಮ್ಮೆ ಬೂತಿಗೆ ಫೋನು ಮಾಡಿ ವಿಳಾಸ ಬರೆಸಿದ್ದಳು. ಕೊನೆಗೆ 'ಕೋ ಡಾಟ್ ಓಎಂ' ಎಂದಳಂತೆ. ಫೋನಿನ ಗರಗರ ಸದ್ದಿನಲ್ಲಿ ಮುನಿರತ್ನಮ್ಮನಿಗೆ ಕೇಳಿಸಿದ್ದು ಎಲ್ಲರ ವಿಳಾಸದಲ್ಲೂ ಕಾಣುತ್ತಿದ್ದ 'ಕಾಂ'.

ಸಾಯುವ ಮುಂಚೆ ಮಗಳ ಮುಖ ನೋಡಬೇಕೆಂದು ಕುಪ್ಪುಸ್ವಾಮಿ ಏದುಸಿರು ಬಿಡುತ್ತಾ ರೈಲಿನಲ್ಲಿ ಬಂದು, 'ಅಪ್ಪನಿಗೆ ಸೀರಿಯಸ್, ಕೂಡಲೇ ಬಾ' ಎಂದು ಮೇಲ್ ಹಾಕಿಸಿದ. ಮತ್ತೆ ಬಂದ, ಮತ್ತೆ ಹಾಕಿಸಿದ.

"ಜವಾಬು ವಂದುಚ್ಚಾ ತಾಯಿ?" ಎಂದು ತಮಿಳು ಬೆರೆಸಿ ಕೇಳುವನು, ಜವಾಬು ಬಂತಾ ಎಂದು.

"ಇಲ್ಲಣ್ಣ. ಆದ್ರೆ ವಾಪಸ್ಸೂ ಬಂದಿಲ್ಲ. ಅಂದ್ರೆ ಮುಟ್ಟೈತೆ ಕಣಣ್ಣ. ಇವತ್ತೋ ನಾಳೆನೋ ಬತ್ತಾಳೆ."

ಅವನಿಗೆ ಧೈರ್ಯ ಬರಲೆಂದೇ ಅಷ್ಟು ಗಟ್ಟಿಯಾಗಿ ಹೇಳುತ್ತಿದ್ದಳು. ಕೊನೆಗೆ ಅವನು ಹಾಸಿಗೆ ಹಿಡಿದ. ನೋಡಿಬರಲು ಹೋದ ಮುನಿರತ್ನಮ್ಮನಿಗೆ ಮುಖ ಕೊಡದೆ ಗೋಡೆ ಕಡೆ ತಿರುಗಿ, "ಮೇಲು ಮುಟ್ಟಿದ್ರೂ ಬರ್ಲಿಲ್ಲ ಅಂದ್ರೆ ಅವ್ಳು ನನ್ ಮಗಳಲ್ಲ. ಮಣ್ಣಾಕಕ್ಕೂ ಬರ್ಬಾರ್ದು" ಅಂದ. ಆ ವಾರವೇ ತೀರಿಕೊಂಡ.

ಒಮಾನ್‌ನಲ್ಲೇ ಕೆಲಸಕ್ಕಿದ್ದ, ಗಣಿ ಕಡೆಯ ಊರಿಗಾಂನವರ ಬಾಯಿಂದ ಸುದ್ದಿ ತಿಳಿದು ಅಮುದಾ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೇರ ಬೂತಿಗೆ ಬಂದು ಕಂಪನಿಯ ವಿಳಾಸದ ಕಾರ್ಡನ್ನು ಮೇಜಿನ ಮೇಲಿಟ್ಟಳು. ಮುನಿರತ್ನಮ್ಮ ಬರೆದುಕೊಂಡಿದ್ದ ವಿಳಾಸದ ಪಕ್ಕ ಅದನ್ನು ಹಿಡಿದಾಗ ತಪ್ಪು ಕಂಡಿತು: 'ಓಎಂ' ಎಂದರೆ ಒಮಾನ್. ಅದೇ ಹೆಸರಿಗೆ 'ಕಾಂ' ಸೇರಿಸಿ ಇನ್ನಾರೋ, ಎಲ್ಲಿಯವರೋ ಡೊಮೇನ್ ಮಾಡಿಕೊಂಡಿದ್ದರು. ಅಂಥ ಡೊಮೇನೇ ಇಲ್ಲದಿದ್ದರೆ ಮೇಲ್ ವಾಪಸ್ ಬರುತ್ತಿತ್ತು. ಇದ್ದುದರಿಂದ ಅವರ ಪೆಟ್ಟಿಗೆಗೆ ಹೋಗಿ ಬಿತ್ತು. ಯಾರ ಹೆಸರಿಗೆ ಬಂದರೂ ಒಳಗೆ ಹಾಕಿಕೊಳ್ಳುವ ಪೆಟ್ಟಿಗೆ ಅದು. ಯಾರೂ ತೆರೆದು ನೋಡಿರಲಿಕ್ಕಿಲ್ಲ.

"ವಿಳಾಸ ತಪ್ಪಿತ್ತು ಅಂತ ಅಪ್ಪಂಗೆ ಗೊತ್ತಾಯ್ತಾ ಅಕ್ಕಾ?" ಎಂದು ಅಮುದಾ ಕೇಳಿದಳು.

ಒಂದು ಸುಳ್ಳು ಹೇಳಬಾರದೇ ಎಂದು ಬಾಗಿಲಲ್ಲಿ ನಿಂತಿದ್ದ ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಇಲ್ಲಮ್ಮ," ಎಂದಳು ಮುನಿರತ್ನಮ್ಮ. "ಮುಟ್ಟೈತೆ, ಮುಟ್ಟೈತೆ ಅಂತ ನಾನೇ ಅಂತಿದ್ದೆ. ನೀನೇ ಬರ್ಲಿಲ್ಲ ಅಂದ್ಕೊಂಡು ಕಣ್ಮುಚ್ಚಿದ್ರು."