ಬಾಯಿಂದ ಆಡಿದ ಆಟ

ಬ್ಯಾಡಗಿಯ ಮಕ್ಕಳಿಗೆ ಒಂದು ಕೆಟ್ಟ ಧೈರ್ಯವಿರುತ್ತದೆ. ನಮ್ಮೂರ ಮೆಣಸಿನಕಾಯಿ ನೋಡಲು ಕಡುಕೆಂಪು, ತಿಂದರೆ ಅಂಥ ಖಾರವೇನಿಲ್ಲ. ನಾವು ಕಾಯಿರಾಶಿಯ ಮೇಲೆ ಉರುಳಾಡಿ ಬೆಳೆದವರು. ಅಣ್ಣ ಪಂಥ ಕಟ್ಟಿ ಒಣಗಾಯಿ ಜಗಿಯುತ್ತಿದ್ದ. ನಾನೇನು ಕಡಿಮೆ, ನಾನೂ ಜಗಿಯುತ್ತಿದ್ದೆ. ಸುಗ್ಗಿಯ ಕಾಲಕ್ಕೆ ಬಂದ ಪರವೂರಿನವರು ಮಾರ್ಕೆಟ್ಟಿನಲ್ಲಿ ಸೀನುತ್ತ ಕಣ್ಣೊರೆಸಿಕೊಂಡರೆ ನಮಗೆ ಎಲ್ಲಿಲ್ಲದ ನಗು. ನಮ್ಮ ಕಾಯಿ ಯಾರನ್ನೂ ಸುಡುವುದಿಲ್ಲ ಎಂಬ ಖಾತ್ರಿ ನಮ್ಮದು. ಆ ಖಾತ್ರಿಯಿಂದಲೇ ನನ್ನ ಕಣ್ಣು ಹೋಗುವುದರಲ್ಲಿತ್ತು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಕಳೆದಿದ್ದವು. ನಾನು ಆರನೇ ಇಯತ್ತೆ, ಅಣ್ಣ ಒಂಬತ್ತನೇ. ಅಪ್ಪನದು ಮಾರ್ಕೆಟ್ಟಿನಲ್ಲಿ ದಲಾಲಿ ಅಂಗಡಿ. ನಮ್ಮ ಮನೆಯಲ್ಲಿ ಹೊಡೆತವೆಂದರೆ ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ, ದಿನಾ ಸ್ವಲ್ಪ ಇರಲೇಬೇಕು. ಅಪ್ಪ ಅಣ್ಣನನ್ನು ಬಡಿಯುತ್ತಿದ್ದ, ಅಣ್ಣ ನನ್ನನ್ನು ಗುದ್ದುತ್ತಿದ್ದ, ನಾನು ಅಣ್ಣನನ್ನು ಕಚ್ಚುತ್ತಿದ್ದೆ. ಅವನ ಮೊಣಕೈ ಹತ್ತಿರ ನನ್ನ ಹಲ್ಲಿನ ಗುರುತು ಇನ್ನೂ ಇದೆ.

ಸೋದರಮಾವ ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿಯೊಂದರಲ್ಲಿದ್ದ. ಅಲ್ಲಿಯ ಟಾಕೀಸಿಗೆ ನಮ್ಮಿಬ್ಬರನ್ನೂ ಕರೆದೊಯ್ದು ಒಂದು ಇಂಗ್ಲಿಷ್ ಸಿನಿಮಾ ತೋರಿಸಿದ್ದ, ಹಿಂದಿಯಲ್ಲಿ ಮಾತಾಡುವಂಥದ್ದು. ಮುಖಕ್ಕೆ ಮುಸುಕು ಹಾಕಿದ ಹೀರೊ ಗಾಳಿಯಲ್ಲಿ ಹಾರುತ್ತಿದ್ದ, ಒಂದೇ ಗುದ್ದಿಗೆ ಗೋಡೆ ಕೆಡವುತ್ತಿದ್ದ. ನಾವಿಬ್ಬರೂ ಹುಚ್ಚರಾದೆವು. ಮುಂದೆ ಮಾವ ಕೆಲಸದ ಮೇಲೆ ಮುಂಬಯಿಗೆ ಹೋದವನು ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮು ತಂದ, ಅದೇ ಸಿನಿಮಾದ ಆಟ. ಡಬ್ಬಿಯ ಮೇಲೆ ಹೀರೊ, ಹಿಂದೆ ಬೆಂಕಿ, ಉರುಳುವ ಕಟ್ಟಡ. ಅಪ್ಪ ಡಬ್ಬಿಯನ್ನು ಕಾಯಿ ಪರೀಕ್ಷಿಸುವವನ ಹಾಗೆ ತಿರುವಿ ನೋಡಿ, ಬಣ್ಣವೇನೋ ಚಲೋ ಇದೆ, ಖಾರ ಎಷ್ಟಿದೆಯೋ ಎಂದು ಗೊಣಗಿ ಅಂಗಡಿಗೆ ಹೋದ.

ಮಾವ ನಾಲ್ಕು ದಿನ ಇರಲೆಂದು ಬಂದಿದ್ದ. ಅವನಿಗೆ ನಮ್ಮ ಸಾರು ಸೇರದು, ಬಣ್ಣದ ನೀರು ಕುಡಿದಂತಾಗುತ್ತದೆ ಎಂದು ಅವ್ವನನ್ನು ಕಾಡುತ್ತಿದ್ದ. ತಮ್ಮನ ಬಾಯಿ ಮುಚ್ಚಿಸಲು ಅವ್ವ ಗುಂಟೂರು ಕಾಯಿ ಕುಟ್ಟಿಸಿ ತಂದು, ಅದರ ಪುಡಿಯನ್ನು ನಮ್ಮ ಖಾರದ ಡಬ್ಬಿಯಲ್ಲೇ ಕಲಸಿಬಿಟ್ಟಿದ್ದಳು. ಗುಂಟೂರು ಕಾಯಿ ಎಂದರೆ ಬೆಂಕಿ. ಮಕ್ಕಳಿಗೆ ಅದನ್ನು ಯಾರು ಹೇಳುತ್ತಾರೆ?

ಮರುದಿನ ಬೆಳಿಗ್ಗೆ ಅಣ್ಣ ಗೇಮು ಹಿಡಿದು ಹಿತ್ತಲಿಗೆ ಹೋದ. ಆ ಪರದೆಗೆ ತನ್ನದೇ ಬೆಳಕಿರಲಿಲ್ಲ, ಬಿಸಿಲಿಗೆ ಹಿಡಿದರಷ್ಟೇ ಕಾಣುತ್ತಿತ್ತು. ಒಂದು ಸಲ ತೋರಿಸು ಎಂದೆ, ಒದ್ದ. ಕಸಿದುಕೊಂಡೆ. ಅವನು ನನ್ನ ಜಡೆ ಹಿಡಿದೆಳೆದು ಹಣೆಯನ್ನು ಬಾಗಿಲ ಚೌಕಟ್ಟಿಗೆ ಬಡಿದ. ನಾನು ಗೇಮನ್ನು ಎದೆಗವಚಿಕೊಂಡು ಅಡುಗೆಮನೆಗೆ ಓಡಿದೆ. ಬೆನ್ನಟ್ಟಿ ಬಂದವನ ಮೊಣಕಾಲಿಗೆ ಲಟ್ಟಣಿಗೆ ಬೀಸಿದೆ. ಅವನು ಕುತ್ತಿಗೆ ಹಿಡಿದ. ನಾನು ಅವನ ಮಣಿಕಟ್ಟನ್ನು ರಕ್ತ ಬರುವ ಹಾಗೆ ಕಚ್ಚಿದೆ, ಬಾಯಲ್ಲಿ ಉಪ್ಪುಪ್ಪು ರುಚಿ ಬಂದರೂ ಬಿಡಲಿಲ್ಲ. ಅವನ ಇನ್ನೊಂದು ಕೈ ಕಟ್ಟೆಯ ಮೇಲಿನ ಖಾರದ ಡಬ್ಬಿಗೆ ಹೋಯಿತು. ಒಂದು ಹಿಡಿ ತುಂಬಿಕೊಂಡು ಮುಖಕ್ಕೆ ಎರಚಿದ. ನಮ್ಮದೇ ಖಾರ, ಸೀನು ಬಂದು ಕಚ್ಚಿದ ಬಾಯಿ ಬಿಡುತ್ತಾಳೆ ಎಂಬುದಷ್ಟೇ ಅವನ ಲೆಕ್ಕ.

ಅಯ್ಯಯ್ಯೋ, ಆ ಉರಿಯನ್ನು ಹೇಗೆ ಹೇಳಲಿ? ಕಣ್ಣೊಳಗೆ ಕೆಂಡ ಇಟ್ಟು ಊದಿದ ಹಾಗಾಯಿತು. ಎರಡೂ ಮುಷ್ಟಿಯಿಂದ ಉಜ್ಜಿಕೊಂಡೆ, ಮುಷ್ಟಿಗೂ ಖಾರ ಮೆತ್ತಿತ್ತು. ನೆಲಕ್ಕೆ ಬಿದ್ದು ತಲೆ ಚಚ್ಚಿಕೊಂಡೆ. ಅವ್ವ ಕೊಡಗಟ್ಟಲೆ ನೀರು ಸುರಿಯುತ್ತ, ಅದರಲ್ಲಿ ಗುಂಟೂರು ಕಾಯಿ ಕಲಸಿದ್ದೇನೆ ಎಂದು ಕಿರುಚುತ್ತಿದ್ದಳು. ಮಾವ ಬೈಕಿನ ಮೇಲೆ ನನ್ನನ್ನು ತನ್ನ ಮತ್ತು ಅವ್ವನ ನಡುವೆ ಸಿಕ್ಕಿಸಿಕೊಂಡು ರಾಣೆಬೆನ್ನೂರಿಗೆ ಹಾರಿದ. ಕಣ್ಣಿನ ಡಾಕ್ಟರು ತೊಳೆದು, ಔಷಧಿ ಬಿಟ್ಟು, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರು. ಉಜ್ಜಿ ಉಜ್ಜಿ ಗುಡ್ಡಿ ಗಾಯವಾಗಿತ್ತು, ಬಲಗಣ್ಣಿಗೆ ಜಾಸ್ತಿ.

“ಪಟ್ಟಿ ಬಿಚ್ಚಿದ ಮ್ಯಾಲೆ ನೋಡೂಣ್ರಿ. ಬಲಗಣ್ಣಿಂದು ಈಗ ಏನೂ ಹೇಳಾಕ ಬರಂಗಿಲ್ಲ” ಎಂದರು ಡಾಕ್ಟರು. ಅವ್ವ ದಾರಿಯುದ್ದಕ್ಕೂ ಅತ್ತಳು.

ಮನೆಗೆ ಬಂದಾಗ ಅಪ್ಪ ಅಂಗಡಿಯಿಂದ ಓಡಿ ಬಂದಿದ್ದ. ಪಡಸಾಲೆಯ ಮೂಲೆಯಲ್ಲಿ ಒಂದು ಬಡಿಗೆ ಇರುತ್ತಿತ್ತು. ನಾನು ಏನೂ ನೋಡಲಿಲ್ಲ, ಕೇಳಿದೆ. ಬೆನ್ನ ಮೇಲೆ ಬಿದ್ದ ಬಡಿಗೆಯ ಸದ್ದು ಬೇರೆ, ಎಲುಬಿನ ಮೇಲೆ ಬಿದ್ದದ್ದು ಬೇರೆ. ಕಣ್ಣು ಕಟ್ಟಿದಾಗ ಕಿವಿಗೆ ಇದೆಲ್ಲ ತಿಳಿಯುತ್ತದೆ.

“ನನ್ನ ಮಗಳು ಕುರುಡಿ ಆದ್ಲಂದ್ರ ನಿನ್ನ ಜೀವಂತ ಬಿಡಂಗಿಲ್ಲಲೇ” ಎನ್ನುತ್ತ ಅಪ್ಪ ಬಡಿದೇ ಬಡಿದ. ನಡುವೆ ಒಮ್ಮೆ ಟಕ್ ಎಂದಿತು, ಅಣ್ಣ ಒಮ್ಮೆ ಮಾತ್ರ ಚೀರಿದ. ಮಾವ ಬಡಿಗೆ ಕಸಿದು ಹೊರಗೆ ಎಸೆಯುವವರೆಗೂ ಅದು ನಿಲ್ಲಲಿಲ್ಲ. ನನಗೆ ಆಗ ಹಾಲು ಕುಡಿದಷ್ಟು ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಕತ್ತಲು ಎಂದರೆ ಏನೆಂದು ಆಮೇಲೆ ತಿಳಿಯಿತು. ಹಾಸಿಗೆಯಲ್ಲಿ ಕುಳಿತು, ಇದು ಹೀಗೇ ಉಳಿದರೆ ಎಂದು ನೆನೆದು ನಡುಗುತ್ತಿದ್ದೆ. ಬದಿಗೆ ಯಾರೋ ಬಂದು ಕೂತರು. ಗೇಮಿನ ಸಂಗೀತ ಶುರುವಾಯಿತು. ಹಾಳಾಗಿ ಹೋಗು ಎಂದು ಬೈದೆ. ಅಣ್ಣ ಹೋಗಲಿಲ್ಲ, ಪರದೆಯಲ್ಲಿ ಆಗುವುದನ್ನು ಹೇಳತೊಡಗಿದ. ಹೀರೊ ಸೇತುವೆಯ ಮೇಲಿಂದ ಓಡುವ ರೈಲಿನ ಮೇಲೆ ಹಾರಿದನಂತೆ. ನಮ್ಮೂರಲ್ಲಿ ಕಾಯಿಚೀಲ ತಂಪಾಗಿಡುವ ಕೋಲ್ಡ್ ಸ್ಟೋರೇಜಿನಂಥ ದೊಡ್ಡ ಗೋದಾಮಿನಲ್ಲಿ ರೌಡಿಗಳು ಚೀಲಗಳ ಹಿಂದೆ ಅಡಗಿದ್ದರಂತೆ. ಹೀರೊ ಗೋಡೆ ಒಡೆದು ಒಳನುಗ್ಗಿ ಒಬ್ಬನ ದವಡೆ ಮುರಿದ, ಇನ್ನೊಬ್ಬನನ್ನು ಎತ್ತಿ ಮಂಜುಗಡ್ಡೆಯ ಮೇಲೆ ಅಪ್ಪಳಿಸಿದ. ರಕ್ತ ಬಂತೇ ಎಂದು ಕೇಳಿದೆ. ಹರಿಯುತ್ತಿದೆ ಎಂದ. ಇನ್ನೊಂದು ಗುದ್ದು ಕೊಡು ಎಂದೆ. ಕೊಟ್ಟ. ಪ್ರತಿ ರೌಡಿಗೂ ನಾನು ಅಣ್ಣನದೇ ಮುಖ ಹಚ್ಚಿ ಒಳಗೊಳಗೇ ಖುಷಿಪಟ್ಟೆ.

ಪಟ್ಟಿ ಬಿಚ್ಚುವವರೆಗೆ ದಿನವೂ ಅದೇ ನಡೆಯಿತು. ಅದೊಂದು ಹೊತ್ತು ಮಾತ್ರ ನನಗೆ ಕತ್ತಲಿನ ಅಂಜಿಕೆ ಇರುತ್ತಿರಲಿಲ್ಲ. ಮೊದಲಿನ ಸಂಗೀತವೇ ಮತ್ತೆ ಮತ್ತೆ ಬರುತ್ತದಲ್ಲ ಎಂದರೆ, ಹೊಸ ಹಂತ ಶುರುವಾದಾಗಲೆಲ್ಲ ಹಾಗೆ ಬರುತ್ತದೆ ಎನ್ನುತ್ತಿದ್ದ.

ರಾಣೆಬೆನ್ನೂರಿನಲ್ಲಿ ಪಟ್ಟಿ ಬಿಚ್ಚಿದರು. ಎಡಗಣ್ಣಿಗೆ ಲಗೂನೆ ಕಂಡಿತು. ಬಲಗಣ್ಣಿಗೆ ಮೊದಲು ಮಂಜು, ಆಮೇಲೆ ಡಾಕ್ಟರ ಬೆರಳು, ಆಮೇಲೆ ಅವರ ಮೀಸೆ. ಅವ್ವ ಅವರ ಕಾಲಿಗೆ ಬಿದ್ದಳು. ನನಗೆ ಮಾತ್ರ ಯಾವಾಗ ಮನೆ ಮುಟ್ಟಿ ಗೇಮು ಹಿಡಿಯುತ್ತೇನೋ ಎಂಬ ಅವಸರ.

ಅಣ್ಣ ಹಿತ್ತಲಲ್ಲಿ ಬಲಗೈ ಕಿಸೆಯಲ್ಲಿಟ್ಟು, ಎಡಗೈಯಲ್ಲಿ ಗೇಮು ಹಿಡಿದು ನಿಂತಿದ್ದ. ಬ್ಯಾಟರಿ ಮುಗಿದಿದೆ ಎಂದು ಸುಳ್ಳು ಹೇಳಿದ. ಕಸಿದುಕೊಂಡು ಬಿಸಿಲಿಗೆ ಹಿಡಿದೆ. ಥೂ! ಒಂದು ಬೂದಿಬಣ್ಣದ ಓಣಿ, ಅದರಲ್ಲಿ ಮೊಣಕಾಲು ನೋವಿನ ಮುದುಕನಂತೆ ನಡೆಯುವ ಒಬ್ಬ ಗೊಂಬೆ. ಹಾರು ಎಂದರೆ ಗೇಣುದ್ದ ಜಿಗಿದು ಬೀಳುತ್ತಿದ್ದ. ಗುದ್ದಿದರೆ ಗೋಡೆಗೆ ಏನೂ ಆಗುತ್ತಿರಲಿಲ್ಲ. ಅದೇ ಅಂಗಿಯ ಅದೇ ರೌಡಿ ಮತ್ತೆ ಮತ್ತೆ ಬರುತ್ತಿದ್ದ. ರೈಲಿಲ್ಲ, ಸೇತುವೆ ಇಲ್ಲ, ಗೋದಾಮಿಲ್ಲ, ರಕ್ತವಿಲ್ಲ. ಇದಕ್ಕೋಸ್ಕರ ಕಣ್ಣು ಕಳೆದುಕೊಳ್ಳುತ್ತಿದ್ದೆನಲ್ಲ ಎಂದು ಮೈಯೆಲ್ಲ ಉರಿಯಿತು. ಸುಳ್ಳುಬುರುಕ ಎಂದು ಬೈಯುತ್ತ, ಗೇಮನ್ನೇ ಎತ್ತಿ ಅವನ ತಲೆಗೆ ಬಡಿಯಹೋದೆ.

ಅಣ್ಣ ಎರಡೂ ಕೈಯಿಂದ ತಲೆ ಮುಚ್ಚಿಕೊಂಡ. ಆಗ ಬಲಗೈ ಹೆಬ್ಬೆರಳು ಕಂಡಿತು. ಬದನೆಕಾಯಿಯಂತೆ ಊದಿ ಕಪ್ಪಾಗಿ, ಬುಡದಲ್ಲಿ ಹೊರಗೆ ತಿರುಗಿತ್ತು. ಅಪ್ಪನ ಬಡಿಗೆಯ ಕೆಳಗೆ ಅಂದು ಟಕ್ ಎಂದದ್ದು ಇದೇ. ಅವ್ವ ಅರಿಸಿನ ಹಚ್ಚಿ, ಬಾವು ಇಳಿಯುತ್ತದೆ ಎಂದು ಬಿಟ್ಟಿದ್ದಳು. ಎಲ್ಲರ ಜೀವ ನನ್ನ ಕಣ್ಣಿನಲ್ಲಿತ್ತು. ಆ ಗೇಮಿನಲ್ಲಿ ಗುದ್ದುವ ಗುಂಡಿ ಇರುವುದು ಬಲಗಡೆ, ಒತ್ತುವುದು ಹೆಬ್ಬೆರಳಿನಿಂದ.

“ಗುದ್ದಾಕ ಬರ್ತಿರ್ಲಿಲ್ಲ” ಎಂದ ಅಣ್ಣ. “ಮೊದಲನೇ ರೌಡಿನೇ ಹೀರೊನ್ನ ಕೊಲ್ತಿದ್ದ. ಅದಕ್ಕ ಬಾಯಿಲೇ ಗುದ್ದಿದೆ.”

ನನ್ನ ಎತ್ತಿದ ಕೈ ಹಾಗೇ ನಿಂತಿತು. ಸಿಟ್ಟು ಬಂತು, ಈ ಸಲ ಅದು ಅಣ್ಣನ ಮೇಲಿನದಲ್ಲ. ಗೇಮನ್ನು ಬಟ್ಟೆ ಒಗೆಯುವ ಕಲ್ಲಿಗೆ ಅಪ್ಪಳಿಸಿದೆ. ಚೂರಾಯಿತು. ಸದ್ದಿಗೆ ಅಪ್ಪ ಹಿತ್ತಲಿಗೆ ಬಂದ.

“ನನ್ನ ಕಣ್ಣ ಬಂದುವು, ಯಪ್ಪಾ. ಇವನ ಬೆರಳ ನೋಡು” ಎಂದೆ.

ಅಪ್ಪ ನೋಡಿದ. ಮೆಲ್ಲಗೆ ಹತ್ತಿರ ಬಂದು, ಆ ಕೈಯನ್ನು ಹಿಡಿದು ನೋಡಲು ತನ್ನ ಕೈ ಚಾಚಿದ. ಅಣ್ಣ ಕಣ್ಣು ಮುಚ್ಚಿ ಮತ್ತೆ ತಲೆಯನ್ನು ಮುಚ್ಚಿಕೊಂಡ.